ಪೆಟ್ಟುಬಡಿ ಸೀರೆ

ಹೋದ ವಾರ ತಾಂಡೂರಿನಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿಸಿ ಹೊರಟಾಗ ಆ ಮನೆಯ ಸೊಸೆ ಹಣೆಗೆ ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಚೀಲದೊಳಗಿನ ಒಂದು ಸೀರೆಯನ್ನು ನನ್ನ ಕೈಗಿಟ್ಟಳು. ಕೊಡುವಾಗ ಆಕೆಯ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಹಿಂದೆ ಇನ್ನೂ ಎಷ್ಟು ಹೆಂಗಸರು ನಿಂತಿದ್ದಾರೆ ಎಂದು ನೋಡುತ್ತಿದ್ದಳು. ನಾರಾಯಣಖೇಡಕ್ಕೆ ಮರಳಿ, ಕೈಕಾಲು ತೊಳೆದು, ಆ ಚೀಲದ ಬಾಯಿ ಬಿಚ್ಚಿದೆ. ಒಮ್ಮೆಲೇ ಮೂಗಿಗೆ ಬಡಿಯಿತು ಆ ವಾಸನೆ. ಹುಳಿ ಹಿಡಿದ ಗಂಜಿ, ಸೀಮೆಎಣ್ಣೆ, ಕಚ್ಚಾ ಬಣ್ಣ ಎಲ್ಲ ಕೂಡಿದ ವಾಸನೆ. ಐವತ್ತು ಅರವತ್ತು ವರ್ಷಗಳಲ್ಲಿ ಏನೆಲ್ಲ ಬದಲಾಯಿತು ಎಂದು ಮಂದಿ ಭಾಷಣ ಮಾಡುತ್ತಾರೆ. ಈ ವಾಸನೆ ಒಂಚೂರೂ ಬದಲಾಗಿಲ್ಲ.

ಬಿಟ್ಟಿ ಸಿಕ್ಕಿದ್ದಕ್ಕೂ ಈಕೆ ಮೂಗು ಮುರಿಯುತ್ತಾಳೆ ಎನ್ನಬೇಡಿ. ಕೊಡಲೇಬೇಕಿದ್ದರೆ ಒಂದು ಹಿಡಿ ಸಕ್ಕರೆ ಕೊಡಲಿ, ಬಾಯಾದರೂ ಸಿಹಿಯಾದೀತು. ಸೀರೆ ಎಂಬ ಹೆಸರಿನಲ್ಲಿ ಗಂಜಿಯ ಹಾಳೆಯೊಂದನ್ನು ಮಡಚಿ ಕೊಟ್ಟು, ಅದಕ್ಕೊಂದು ಕುಂಕುಮದ ಬೊಟ್ಟು ಬೇರೆ ಇಡುವ ಈ ನಾಟಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಉರಿಯನ್ನು ನನಗೆ ಹಚ್ಚಿ ಹೋದವಳು ಅತ್ತಿ...

ಅತ್ತಿ ಎಂದರೆ ಅತ್ತೆ, ಆದರೆ ರಕ್ತಸಂಬಂಧದವಳಲ್ಲ. ಜಹೀರಾಬಾದಿನಲ್ಲಿ ನಮ್ಮ ತವರುಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯಾಕೆ. ಗಂಡ ಬೇಳೆಯ ಗಿರಣಿಯಲ್ಲಿ ದುಡಿಯುತ್ತಿದ್ದ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅತ್ತಿಯೇ ಆಡುತ್ತಿದ್ದಳು. ಆಕೆ ಕೌದಿ ಹೊಲಿಯುತ್ತಿದ್ದಳು. ಓಣಿಯ ಮಂದಿ ಹಳೆಯ ಸೀರೆ, ಧೋತರಗಳನ್ನು ಗಂಟು ಕಟ್ಟಿ ತಂದು ಆಕೆಯ ಕಟ್ಟೆಯ ಮೇಲೆ ಒಗೆದು ಹೋಗುತ್ತಿದ್ದರು. ಆಕೆ ಅದನ್ನು ಬಿಚ್ಚಿ, ಗಟ್ಟಿಯಿದ್ದಷ್ಟನ್ನು ಹರಿದು ತೆಗೆದು, ಪದರದ ಮೇಲೆ ಪದರ ಹಾಸಿ, ಸಾಲು ಸಾಲಾಗಿ ದಾರ ಓಡಿಸಿ ಹೊದೆಯುವ ಹಾಗೆ ಮಾಡಿ ಕೊಡುತ್ತಿದ್ದಳು. ಹೊಸ ಬಟ್ಟೆಯನ್ನು ನೋಡಿ ಹೊಗಳುವವರು ಊರ ತುಂಬ ಇದ್ದರು. ಆ ಬಟ್ಟೆ ಮುಪ್ಪಾದ ಮೇಲೆ ಏನಾಗುತ್ತದೆ ಎಂದು ಕಂಡವಳು ಆಕೆ ಒಬ್ಬಳೇ.

ಅದಕ್ಕೇ ಆಕೆಗೆ ಊರಿನ ಮೇಲೆಲ್ಲ ತಾತ್ಸಾರವಿತ್ತು. ಒಮ್ಮೆ ಸಾಹುಕಾರರ ಮನೆಯಿಂದ ಬಂದ ಗಂಟಿನಲ್ಲಿ ಅವರ ಹೆಂಡತಿ ಮದುವೆಗಳಲ್ಲಿ ಮೆರೆಸಿದ್ದ ಜರಿ ಸೀರೆ ಇತ್ತು. ಅತ್ತಿ ಅದರ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ಹಿಡಿದ ಹಾಗೆ ದೂರ ಹಿಡಿದು ನನಗೆ ತೋರಿಸಿದಳು.

“ಬಂಗಾರದ ಜರಿ ಅಂತ ಓಣಿ ತುಂಬ ಹೇಳ್ಕೋತ ತಿರಗ್ಯಾಳ. ನೋಡಿಲ್ಲಿ, ತಾಮ್ರ ಕಿಲುಬು ಹಿಡದು ಹಸರಾಗ್ಯಾದ.”

ಅಂಥ ಮಾತು ಕೇಳಲೆಂದೇ ನಾನು ಶಾಲೆ ಬಿಟ್ಟ ಕೂಡಲೇ ಆ ಕಟ್ಟೆಗೆ ಓಡುತ್ತಿದ್ದೆ. ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ನೆಪ. ದೊಡ್ಡವರ ಬಟ್ಟೆಯ ಒಳಮೈ ನೋಡುತ್ತ ಅವರನ್ನು ಹೀಗಳೆಯುವ ಸುಖ ಎಂಟು ವರ್ಷದ ಹುಡುಗಿಗೆ ಎಷ್ಟು ಬೇಗ ಹತ್ತುತ್ತದೆ ಎಂದರೆ... ಇಂದಿಗೂ ಬಿಟ್ಟಿಲ್ಲ.

ಜವಳಿ ತೆಗೆಯಲು ಹೋಗುವಾಗ ನಮ್ಮ ಅವ್ವ ಅತ್ತಿಯನ್ನು ಕರೆದೊಯ್ಯದೆ ಹೋಗುತ್ತಿರಲಿಲ್ಲ. ಅಂಗಡಿಯವರಿಗೆ ಮಾತ್ರ ಅತ್ತಿಯನ್ನು ಕಂಡರೆ ಹೊಟ್ಟೆನೋವು. ಆಕೆ ಸೀರೆಯ ಮೂಲೆಗೆ ಹೆಬ್ಬೆರಳ ಎಂಜಲು ಹಚ್ಚಿ ತಿಕ್ಕುವಳು. ಬೆರಳಿಗೆ ಬಣ್ಣ ಹತ್ತಿದರೆ ಆ ಬೆರಳನ್ನು ಅಂಗಡಿಯವನ ಬಿಳಿ ಗಾದಿಗೇ ಒರೆಸುವಳು. ಬೆಳಕಿಗೆ ಹಿಡಿದು ನೇಯ್ಗೆ ನೋಡುವಳು. ಮುಷ್ಟಿಯಲ್ಲಿ ಹಿಂಡಿ ಬಿಡುವಳು. ಕೊನೆಗೆ ಅಂಚನ್ನೂ ಒಡಲನ್ನೂ ಬೇರೆ ಬೇರೆಯಾಗಿ ಎಳೆದು ನೋಡುವಳು. ಅಂಚು ಗಟ್ಟಿಯಿದ್ದು ಒಡಲು ಜಾಳಾದರೂ, ಒಡಲು ಗಟ್ಟಿಯಿದ್ದು ಅಂಚು ಕುಗ್ಗಿದರೂ ಸೀರೆ ಕೆಟ್ಟಂತೆ. ಎರಡೂ ಕೂಡಿ ಮುಪ್ಪಾಗಬೇಕು ಎನ್ನುವುದು ಆಕೆಯ ಲೆಕ್ಕಾಚಾರ.

ಆ ಅಂಗಡಿಯಲ್ಲಿ ಎರಡು ಕಪಾಟಿದ್ದವು. ಒಳಗೆ ಕಾಲಿಡುತ್ತಲೇ ಅಂಗಡಿಯವನು ಕೇಳುತ್ತಿದ್ದದ್ದು ಬೆಲೆಯನ್ನಲ್ಲ, ಬಣ್ಣವನ್ನಲ್ಲ.

“ಉಡಾಕೋ, ಕೊಡಾಕೋ?”

ಉಡುವ ಸೀರೆ ಒಂದು ಕಪಾಟಿನಲ್ಲಿ, ಕೊಡುವ ಸೀರೆ ಇನ್ನೊಂದರಲ್ಲಿ. ತಾನು ಉಡುವುದಕ್ಕೆ ಯೋಗ್ಯವಲ್ಲದ್ದನ್ನು ಬಂಧುಬಳಗಕ್ಕೆ ಕೊಡಬಹುದು ಎಂದು ಇಷ್ಟು ಮುಲಾಜಿಲ್ಲದೆ, ಅಂಗಡಿಯ ನಡುವೆ ಗಟ್ಟಿ ದನಿಯಲ್ಲಿ ಒಪ್ಪಿಕೊಳ್ಳುವ ಜನ ನಾವು. ಆಗ ರಾಜ್ಯ ಒಡೆದು ನಮ್ಮ ಭಾಗ ಆಂಧ್ರಕ್ಕೆ ಸೇರಿ ಐದಾರು ವರ್ಷವಾಗಿತ್ತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಶಾಲೆಯಲ್ಲಿ ತೆಲುಗು. ನನ್ನ ತೆಲುಗು ಇನ್ನೂ ಅಕ್ಷರ ತಿದ್ದುವ ಹಂತದಲ್ಲೇ ಇತ್ತು. ಅವ್ವ “ಕೊಡಾಕ” ಎಂದ ಕೂಡಲೇ ಅಂಗಡಿಯವನು ತನ್ನ ಆಳಿನ ಕಡೆ ತಿರುಗಿ, “ಪೆಟ್ಟುಬಡಿ ಚೀರಲು ತೀಯಿ” ಎಂದ, ಆ ಸೀರೆಗಳನ್ನು ತೆಗೆ ಎಂದು. ಶುಭಕಾರ್ಯದಲ್ಲಿ ಬಂಧುಗಳಿಗೆ ಕೊಡುವ ಉಡುಗೊರೆಗೆ ತೆಲುಗಿನಲ್ಲಿ ಪೆಟ್ಟುಬಡಿ ಎನ್ನುತ್ತಾರೆ. ನನಗೆಲ್ಲಿ ಗೊತ್ತು? ನನ್ನ ಕಿವಿಗೆ ಬಿದ್ದದ್ದು ಕನ್ನಡದ ಪೆಟ್ಟು, ಕನ್ನಡದ ಬಡಿ.

“ಅವ್ವಾ, ಈ ಸೀರಿ ಯಾರಿಗಿ ಬಡಿಯಾಕ?” ಎಂದು ಕೇಳಿಬಿಟ್ಟೆ.

ಅವ್ವ ತೊಡೆ ಚಿವುಟಿದಳು. ಅತ್ತಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಛಲೋ ಕೇಳ್ದಿ ತಂಗಿ. ಪೆಟ್ಟೂ ಅದೇ, ಬಡಿಯೋದೂ ಅದೇ. ತಗೊಂಡಾಕಿ ಮಾರಿಗಿ ಬಡದಂಗೇ ಇರ್ತದ!”

ಅಂದಿನಿಂದ ಅದು ನಮ್ಮಿಬ್ಬರ ಮಾತಾಯಿತು. ಯಾರಾದರೂ ಮದುವೆಯಿಂದ ಸೀರೆ ತಂದರೆ ನಾನು ಗೋಡೆಯಾಚೆಗೆ ಕೂಗಿ ಹೇಳುತ್ತಿದ್ದೆ, ಇವತ್ತು ಇಂಥವರಿಗೆ ಪೆಟ್ಟು ಬಿತ್ತು ಎಂದು.

ಪೆಟ್ಟುಬಡಿ ಸೀರೆಯನ್ನು ಯಾರೂ ಉಡುತ್ತಿರಲಿಲ್ಲ, ಬಿಚ್ಚಿಯೂ ನೋಡುತ್ತಿರಲಿಲ್ಲ. ಅಂಗಡಿಯ ಮಡಿಕೆ ಒಮ್ಮೆ ಬಿಚ್ಚಿದರೆ ಮತ್ತೆ ಹಾಗೆ ಕೂರುವುದಿಲ್ಲ. ಮಡಿಕೆ ಕೆಟ್ಟದ್ದನ್ನು ಇನ್ನೊಬ್ಬರಿಗೆ ಕೊಡಲಿಕ್ಕೆ ಬರುವುದಿಲ್ಲ. ಹಾಗಾಗಿ ಕೊಡಂಗಲ್ಲಿನ ಮದುವೆಯಲ್ಲಿ ಸಿಕ್ಕದ್ದು ತಾಂಡೂರಿನ ತೊಟ್ಟಿಲಿಗೆ, ತಾಂಡೂರಿನದು ನಾಗಲಗಿದ್ದದ ಮದುವೆಗೆ ಹಾಗೆಯೇ ಟ್ರಂಕಿನಿಂದ ಟ್ರಂಕಿಗೆ ಹೋಗುತ್ತಿತ್ತು. ಅತ್ತಿಯ ಕಟ್ಟೆಗೆ ಬರುವ ಹಳೆಯ ಗಂಟುಗಳಲ್ಲಿ ಪೆಟ್ಟುಬಡಿ ಸೀರೆ ಒಂದೂ ಇರುತ್ತಿರಲಿಲ್ಲ. ಉಟ್ಟರಲ್ಲವೇ ಅವು ಹಳೆಯವಾಗುವುದು.

ನನಗೆ ಹನ್ನೆರಡು ತುಂಬಿದ ವರ್ಷ ಇರಬೇಕು. ನಮ್ಮ ಮನೆಗೆ ಬಂದಿದ್ದ ಒಂದು ಗಿಳಿಹಸಿರು ಸೀರೆಗೆ ನಾವಿಬ್ಬರೂ ಗುರುತು ಹಾಕಿದೆವು. ಅತ್ತಿ ಮಡಿಕೆ ಕದಲದ ಹಾಗೆ ಸೆರಗಿನ ಮೂಲೆಯನ್ನಷ್ಟೇ ಮೆಲ್ಲಗೆ ಹೊರಗೆಳೆದಳು. ನಾನು ಕೆಂಪು ದಾರದಲ್ಲಿ ಒಂದು ಕತ್ತರಿ ಗುರುತು ಹೊಲಿದೆ. ಆ ಸೀರೆಯನ್ನು ಅವ್ವ ಯಾವುದೋ ಮದುವೆಗೆ ಒಯ್ದು ಕೊಟ್ಟಳು. ಮೂರು ವರ್ಷದ ಮೇಲೆ ಅದು ನಾಗಲಗಿದ್ದದ ಒಂದು ನಿಶ್ಚಯಕಾರ್ಯದಿಂದ ನಮ್ಮ ಮನೆಗೇ ಬಂತು. ಅವ್ವ, “ಎಂಥಾ ಹಲ್ಕಾ ಸೀರಿ ಕೊಟ್ಟಾರ ನೋಡು, ಅವರಿಗಿ ನಾಚಿಕಿ ಆಗ್ಲಿಲ್ಲೇನು” ಎಂದು ಬೈಯುತ್ತ ಟ್ರಂಕಿನಲ್ಲಿ ಎಸೆದಳು. ನಾನೂ ಅತ್ತಿಯೂ ಆ ದಿನ ನಕ್ಕ ನಗೆ... ಅವ್ವನಿಗೆ ಕೊನೆಯವರೆಗೂ ನಾವು ಅದನ್ನು ಹೇಳಲಿಲ್ಲ.

ಅತ್ತಿಗೆ ಇದ್ದದ್ದು ಎರಡೇ ಸೀರೆ. ಒಂದು ನೀಲಿ, ಒಂದು ಕಂದು, ಎರಡೂ ನಾರಾಯಣಪೇಟೆಯ ಮಗ್ಗದವು. ಎರಡೂ ನಾನು ಹುಟ್ಟುವ ಮೊದಲಿನವು. ನೀಲಿಯದು ಒಗೆದು ಒಗೆದು ಕೈಗೆ ಬೆಣ್ಣೆಯ ಹಾಗೆ ಹತ್ತುತ್ತಿತ್ತು. ಅಂಚಿನ ಕೆಂಪೂ ಒಡಲಿನ ನೀಲಿಯೂ ಒಂದೇ ಸಮ ತಿಳಿಯಾಗಿದ್ದವು. ಚಪ್ಪಲಿಯೂ ಹಾಗೇ; ಅಟ್ಟೆ ಎಷ್ಟು ಸಲ ಬದಲಾಗಿತ್ತೋ, ಮೇಲಿನ ತೊಗಲು ಮಾತ್ರ ಮೊದಲಿನದೇ. ಆ ಹೊತ್ತಿಗೆ ಊರಿಗೆ ನೈಲಾನ್ ಬಂದಿತ್ತು. ಮೈಗೆ ಅಂಟಿ, ಬೆವರಿಗೆ ನಾರಿ, ಒಲೆಯ ಕಿಡಿ ಬಿದ್ದರೆ ಸುರುಟುವ ಆ ಜಾರುಬಟ್ಟೆಗೆ ಹೆಂಗಸರು ಮುಗಿಬಿದ್ದಿದ್ದರು. ಎರಡೇ ಸೀರೆಯವಳೆಂದು ಅತ್ತಿಯನ್ನು ಆಡಿಕೊಳ್ಳುತ್ತಿದ್ದರು. ಅವರಲ್ಲಿ ನಾನೂ ಇದ್ದೆ ಎಂದು ಹೇಳಿಬಿಡುವುದು ಒಳ್ಳೆಯದು. ಕಟ್ಟೆಯ ಮೇಲೆ ಅತ್ತಿಯ ಜೊತೆ ನಗುತ್ತಿದ್ದವಳು, ಕಾಲೇಜಿನ ಗೆಳತಿಯರ ಜೊತೆ ಅತ್ತಿಯನ್ನು ನೋಡಿ ನಗುತ್ತಿದ್ದೆ.

ನನ್ನ ಮದುವೆ ನಾರಾಯಣಖೇಡದ ಈ ಮನೆಗೆ ಗೊತ್ತಾಯಿತು. ಜವಳಿ ತೆಗೆಯುವ ದಿನ ನನಗೆ ನೈಲಾನ್ ಬೇಕೆಂದು ಹಟ ಹಿಡಿದೆ. ಅತ್ತಿ ಕೇಳಲಿಲ್ಲ. ಅರ್ಧ ದಿನ ಕೂತು, ಗಾದಿಯ ತುಂಬ ಸೀರೆ ಹರವಿಸಿ, ಕೊನೆಗೆ ಒಂದು ಕುಂಕುಮ ಬಣ್ಣದ ರೇಷ್ಮೆ ತೆಗೆದಳು. ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದೆ. ಆ ಸೀರೆ ಇವತ್ತಿಗೂ ಉಡುವ ಹಾಗಿದೆ. ಅದೇ ದಿನ ಅವ್ವ, ಬೇಕಾದವರೊಬ್ಬರಿಗೆ ಕೊಡಬೇಕು, ಒಳ್ಳೆಯದೊಂದು ಆರಿಸು ಎಂದು ಅತ್ತಿಗೇ ಹೇಳಿದಳು. ಅತ್ತಿ ಹೆಬ್ಬೆರಳು ಒದ್ದೆ ಮಾಡಿ, ಬೆಳಕಿಗೆ ಹಿಡಿದು, ಹಿಂಡಿ ನೋಡಿ, ಇಟ್ಟಿಗೆ ಬಣ್ಣದ ಒಂದು ನಾರಾಯಣಪೇಟೆ ಸೀರೆ ಆರಿಸಿದಳು. ಅದು ಅತ್ತಿಗೇ ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದ್ದಳು. ನನ್ನ ಜೊತೆ ಕಳಿಸುವ ನಾಲ್ಕು ಕೌದಿಗಳನ್ನೂ ಅತ್ತಿ ಏನೂ ತೆಗೆದುಕೊಳ್ಳದೆ ಹೊಲಿದುಕೊಟ್ಟಿದ್ದಳು. ಅವಳಿಗೊಂದು ಉಡುವ ಸೀರೆಯನ್ನಾದರೂ ಕೊಡದಿದ್ದರೆ ಹೇಗೆ? ಅತ್ತಿಗೂ ಅದು ತಿಳಿದಿತ್ತೇನೋ... ಆ ಸೀರೆಯನ್ನು ಮಡಚಿ ಕೊಡುವಾಗ ಇನ್ನೊಮ್ಮೆ ಕೈಯಾಡಿಸಿದ್ದಳು.

ಮದುವೆಯ ದಿನ ತಾಂಡೂರಿನಿಂದ ಗಂಡಿನ ಚಿಗವ್ವ ಬಂದಿಳಿದಳು. ಬರುವುದಿಲ್ಲ ಎಂದು ಹೇಳಿ ಕಳಿಸಿದ್ದವಳು. ಮೈತುಂಬ ಗುಲಾಬಿ ನೈಲಾನ್, ಕೈಯಲ್ಲಿ ಹೊಳೆಯುವ ರೆಕ್ಸಿನ್ ಚೀಲ, ಮುಖದಲ್ಲಿ ಊರನ್ನೇ ಕೊಂಡವಳ ಗತ್ತು. ಆಹೇರ ಮಾಡುವ ಹೊತ್ತಿಗೆ, ಅಂದರೆ ಬೀಗರಿಗೂ ಬಂಧುಗಳಿಗೂ ಬಟ್ಟೆ ಕೊಡುವ ಹೊತ್ತಿಗೆ, ಈಕೆಗೆ ಕೊಡುವಂಥದ್ದು ಒಂದೂ ಇಲ್ಲ ಎಂಬುದು ಅವ್ವನಿಗೆ ಹೊಳೆಯಿತು. ಒಳಕೋಣೆಗೆ ಬಂದು, ಇಟ್ಟಿಗೆ ಬಣ್ಣದ ಸೀರೆಯನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

“ಇದು ಬೀಗರಿಗಿ ಕೊಟ್ರ ಆಕಿಗೇನ್ ಕೊಡ್ಲಿ?”

ಅವ್ವ ಕೇಳಿದ್ದಳು, ಇದನ್ನು ನಾನು ಮರೆಯುವಂತಿಲ್ಲ. ಬೇಡ, ಇದು ಅತ್ತಿಯದು ಎಂದು ನಾನು ಒಂದು ಮಾತು ಅಂದಿದ್ದರೆ ಅವ್ವ ನಿಲ್ಲುತ್ತಿದ್ದಳು. ನಾನು ಕನ್ನಡಿಯಲ್ಲಿ ಹೂವಿನ ದಂಡೆ ಸರಿಮಾಡಿಕೊಳ್ಳುತ್ತಿದ್ದೆ.

“ಟ್ರಂಕಿನಾಗ ಮ್ಯಾಲಿಂದು ಯಾವುದರ ಕೊಡವ್ವ. ಅತ್ತಿ ನಮ್ಮಾಕಿನೇ ಅಲಾ, ಏನ್ ತಿಳ್ಕೋತಾಳ?”

ನಮ್ಮಾಕಿ! ಎಷ್ಟು ಸಲೀಸಾಗಿ ಬಾಯಿಂದ ಬಂತು ಆ ಮಾತು. ನಮ್ಮವರು ಎನ್ನುವ ಮಾತನ್ನು ನಾವು ಬಳಸುವುದೇ ಕಳಪೆಯದನ್ನು ದಾಟಿಸಲಿಕ್ಕೆ. ಹುಳುಕು ಬದನೆಕಾಯಿ ನಮ್ಮವರಿಗೆ, ಕೊನೆಯ ಪಂಕ್ತಿಯ ಊಟ ನಮ್ಮವರಿಗೆ. ಅವ್ವ ಟ್ರಂಕಿನಿಂದ ತೆಗೆದದ್ದು ಗಿಳಿಹಸಿರು. ಪೆಟ್ಟುಬಡಿಯಲ್ಲಿ ಅರ್ಧಕ್ಕರ್ಧ ಗಿಳಿಹಸಿರೇ ಇರುತ್ತಿತ್ತು, ಅದಕ್ಕೇ ಗೊತ್ತಾಗಲಿಲ್ಲ ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆ. ನಾನು ತಿರುಗಿ ನೋಡಿರಲೇ ಇಲ್ಲ.

ಅತ್ತಿಯ ಕಣ್ಣೆದುರೇ ಇಟ್ಟಿಗೆ ಬಣ್ಣದ ಸೀರೆ ತಾಂಡೂರಿನ ಚಿಗವ್ವನ ಮಡಿಲಿಗೆ ಹೋಯಿತು. ಆಕೆ ಅದನ್ನು ಒಂದು ಬೆರಳಿನಿಂದ ಮುಟ್ಟಿ, ಪಕ್ಕಕ್ಕೆ ಸರಿಸಿದಳು. ಆಮೇಲೆ ಅತ್ತಿಯ ಸರದಿ. ಅತ್ತಿ ಹಸಿರು ಸೀರೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಪದ್ಧತಿಯಂತೆ ಕಣ್ಣಿಗೆ ಒತ್ತಿಕೊಂಡಳು. ಎಂಜಲು ಹಚ್ಚಿ ನೋಡಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಕಳಿಸಲು ಓಣಿಯವರೆಲ್ಲ ಬಸ್‌ಸ್ಟ್ಯಾಂಡಿಗೆ ಬಂದರು. ಅತ್ತಿ ಆ ಗಿಳಿಹಸಿರು ಸೀರೆ ಉಟ್ಟು ಬಂದಿದ್ದಳು. ಗಂಜಿ ಬಿಡದ ಸೀರೆ ಸೊಂಟದ ಹತ್ತಿರ ಬಡಿಗೆಯ ಹಾಗೆ ನಿಂತಿತ್ತು, ನಡೆದರೆ ಸರಬರ ಸದ್ದು. ಕೊರಳ ಬೆವರಿಗೆ ಆಗಲೇ ಹಸಿರು ಇಳಿದಿತ್ತು. ಅವ್ವನಿಗೆ ಹಿಗ್ಗೋ ಹಿಗ್ಗು, ನಾವು ಕೊಟ್ಟದ್ದನ್ನೇ ಉಟ್ಟಿದ್ದಾಳೆ ಎಂದು. ಅತ್ತಿ ನನಗೆ ಉಡಿ ತುಂಬಲು ಬಾಗಿದಾಗ ಸೆರಗು ಜಾರಿ ನನ್ನ ಕೈಮೇಲೆ ಬಿತ್ತು. ಮೂಲೆಯಲ್ಲಿ ಕೆಂಪು ದಾರದ ಕತ್ತರಿ ಗುರುತು... ನನ್ನದೇ ಹೊಲಿಗೆ. ಅತ್ತಿ ತಲೆ ಎತ್ತಲಿಲ್ಲ. ಅಕ್ಕಿ, ಕೊಬ್ಬರಿ ಎಲ್ಲ ಹಾಕಿ ಮುಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

“ಭಾಳ ಊರು ತಿರಗ್ಯಾದ ತಂಗಿ ಇದು. ದಣದದ. ಇನ್ನ ಸಾಕು ಅಂತ ನಾನೇ ಉಟ್ಕೊಂಡೆ.”

ನಾನು ಬಸ್ಸು ಹತ್ತಿ ಗಂಡನ ಪಕ್ಕ ಕೂತೆ.

ತಾಂಡೂರಿನ ಚಿಗವ್ವ ಆ ಇಟ್ಟಿಗೆ ಬಣ್ಣದ ಸೀರೆಯನ್ನು ಒಂದು ದಿನವೂ ಉಡಲಿಲ್ಲ. ಹಳ್ಳಿಯ ಮುದುಕಿಯರ ಸೀರೆ ಎಂದು ಮನೆಯಲ್ಲಿ ಪಾತ್ರೆ ತಿಕ್ಕುವಾಕೆಗೆ ಕೊಟ್ಟಳು. ಆ ಹೆಂಗಸು ಅದನ್ನು ಹತ್ತು ಹನ್ನೆರಡು ವರ್ಷ ಉಟ್ಟಿದ್ದನ್ನು ನಾನು ತಾಂಡೂರಿಗೆ ಹೋದಾಗಲೆಲ್ಲ ನೋಡಿದೆ. ವರ್ಷದಿಂದ ವರ್ಷಕ್ಕೆ ಅದು ತಿಳಿಯಾಗುತ್ತ, ಚೆಂದವಾಗುತ್ತ ಹೋಯಿತು. ಅದೇ ವರ್ಷಗಳಲ್ಲಿ ಚಿಗವ್ವನ ನೈಲಾನ್‌ಗಳು ನೆಲ ಒರೆಸಲಿಕ್ಕೂ ಬಾರದೆ ಮೂಲೆ ಸೇರಿದವು, ನೀರನ್ನೇ ಹೀರುತ್ತಿರಲಿಲ್ಲ.

ನನಗೆ ಮಗ ಹುಟ್ಟಿದಾಗ ಜಹೀರಾಬಾದಿನಿಂದ ಅತ್ತಿಯ ಕೌದಿಯೊಂದು ಬಂತು, ಕೂಸಿಗೆ ಹಾಸಲು. ಗಂಟು ಬಿಚ್ಚಿದವಳೇ ಕಿಟಕಿಯ ಹತ್ತಿರ ಒಯ್ದು ಅದರ ತುಂಬ ಗಿಳಿಹಸಿರು ಹುಡುಕಿದೆ. ಇಷ್ಟು ಹೊತ್ತಿಗೆ ಆ ಸೀರೆ ಹರಿದಿರಬೇಕು, ಅದನ್ನೇ ಹೊಲಿದು ಕಳಿಸಿ ಅತ್ತಿ ನನ್ನ ಮುಖಕ್ಕೆ ಬಡಿದಿರಬೇಕು ಎಂದು ನನ್ನ ಸಣ್ಣ ಬುದ್ಧಿಗೆ ಖಾತ್ರಿಯಿತ್ತು. ಒಂದು ಚೂರೂ ಸಿಗಲಿಲ್ಲ. ಕೌದಿ ತುಂಬ ತಿಳಿನೀಲಿ, ಸುತ್ತ ತಿಳಿಗೆಂಪಿನ ಅಂಚು. ಕೈಗೆ ಬೆಣ್ಣೆಯ ಹಾಗೆ ಹತ್ತಿತು. ಆಗಲೂ ಹೊಳೆಯಲಿಲ್ಲ ನನಗೆ.

ಹೊಳೆದದ್ದು ಕೂಸನ್ನು ಎತ್ತಿಕೊಂಡು ತವರಿಗೆ ಹೋದಾಗ. ಅತ್ತಿ ಕಟ್ಟೆಯ ಮೇಲೆ ಗಿಳಿಹಸಿರು ಉಟ್ಟು ಕೂತಿದ್ದಳು. ಹಸಿರು ಎನ್ನುವುದೂ ಸುಳ್ಳು. ಎಲ್ಲೋ ಹಳದಿ, ಎಲ್ಲೋ ಬೂದಿ, ಮೊಣಕಾಲ ಹತ್ತಿರ ಮೂರು ಕಡೆ ತೇಪೆ. ಕಂದು ಸೀರೆ ಹಗ್ಗದ ಮೇಲೆ ಒಣಗುತ್ತಿತ್ತು. ನೀಲಿಯದು ಎಲ್ಲೂ ಇರಲಿಲ್ಲ.

“ಅತ್ತಿ, ನೀಲಿ ಸೀರಿ...” ಎಂದೆ.

“ಕೂಸಿನ ಮೈ ಮೆತ್ತಗಿರ್ತದ. ಈ ಪೆಟ್ಟುಬಡಿ ಹಾಕಿದ್ರ ಚುಚ್ಚತದ.” ಸೂಜಿಯನ್ನು ತಲೆಗೂದಲಿಗೆ ತಿಕ್ಕುತ್ತ ತನ್ನ ಎಂದಿನ ಕೊಂಕು ನಗೆ ನಕ್ಕಳು. “ಉಡೋದು ಕೊಟ್ಟೆ, ಕೊಡೋದು ಉಟ್ಟೆ. ಅಂಗಡಿಯಾವ ಕೇಳಿದ್ರ ಏನ್ ಹೇಳ್ಬೇಕೋ!”

ಆ ದಿನವೇ ಬಜಾರಿಗೆ ಓಡಿಹೋಗಿ ಒಂದು ನಾರಾಯಣಪೇಟೆ ಸೀರೆ ತಂದೆ ಎಂದು ಬರೆಯಲು ಕೈ ಹಾತೊರೆಯುತ್ತದೆ. ತರಲಿಲ್ಲ. ಮುಂದಿನ ಸಲ ಎಂದುಕೊಂಡೆ. ಮುಂದಿನ ಸಲ ಹಬ್ಬದ ಗಡಿಬಿಡಿ, ಅದರ ಮುಂದಿನ ಸಲ ಮಗನಿಗೆ ಜ್ವರ. ಆ ನಡುವೆ ನನಗಾಗಿ ಎರಡು ನೈಲಾನ್ ಸೀರೆ ಕೊಂಡದ್ದು ನೆನಪಿದೆ. ಅತ್ತಿ ಹೋದ ಸುದ್ದಿ ನನಗೆ ಮುಟ್ಟಿದ್ದು ವಾರದ ಮೇಲೆ. ನಮ್ಮಲ್ಲಿ ಹೋದವರ ಮೇಲೆ ಹೊದಿಸಲು ಬಂಧುಗಳು ಸೀರೆ ತರುತ್ತಾರೆ. ಅದಕ್ಕೂ ಅಂಗಡಿಯಲ್ಲಿ ಯಾವ ಕಪಾಟು ತೆಗೆಸುತ್ತಾರೆ ಎಂದು ನನಗೆ ಗೊತ್ತು. ಅತ್ತಿಯ ಮೇಲೆ ಯಾವ ಸೀರೆ ಹೊದಿಸಿದರು ಎಂದು ಆಕೆಯ ಗಂಡನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೂ ಆತ ಹೇಳುತ್ತಿರಲಿಲ್ಲ.

ಕೌದಿ ಇಲ್ಲೇ ಇದೆ. ಮಗ ಅದರ ಮೇಲೆ ಬೆಳೆದ, ಮೊಮ್ಮಗಳು ಬೆಳೆದಳು. ಅಂಚಿನ ಕೆಂಪೂ ಒಡಲಿನ ನೀಲಿಯೂ ಈಗ ಹೆಚ್ಚುಕಡಿಮೆ ಒಂದೇ ಬಣ್ಣವಾಗಿವೆ. ನಾನು ಹೋದ ವಾರ ಆ ವಾಸನೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೌದಿಯನ್ನೇ ನೋಡುತ್ತ ಕೂತಿದ್ದಾಗ ನನ್ನ ಸೊಸೆ ಬಂದು ಚೀಲ ಎತ್ತಿಕೊಂಡಳು.

“ಅತ್ತೀ, ಇದು ಎಲ್ಲಿ ಇಡ್ಲಿರಿ? ಉಡಾಕೋ, ಕೊಡಾಕೋ?”

“ಕೊಡಾಕ” ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂತು. ಇಷ್ಟೆಲ್ಲ ಉರಿದುಕೊಳ್ಳುವ ನನ್ನ ಬಾಯಿಂದಲೇ.

ಆಕೆ ಅದನ್ನು ಕಪಾಟಿನಲ್ಲಿಟ್ಟು ಅಡುಗೆಮನೆಗೆ ಹೋದ ಮೇಲೆ ಎದ್ದು ಹೋಗಿ ಕಪಾಟು ತೆಗೆದೆ. ಸೀರೆಯನ್ನು ಹೊರಗೆಳೆದು, ಗುಂಡುಪಿನ್ನು ಕಿತ್ತು, ಮಂಚದ ಮೇಲೆ ಉದ್ದಕ್ಕೂ ಹರವಿದೆ. ಸೆರಗಿನ ಮೂಲೆಗಳನ್ನು ಬೆಳಕಿಗೆ ಹಿಡಿದು ಹುಡುಕಿದೆ. ಏನು ಸಿಕ್ಕೀತೆಂದು ಹುಡುಕಿದೆನೋ... ಕೆಂಪು ದಾರ ಎಲ್ಲಿಂದ ಬರಬೇಕು? ಸೆರಗಿನ ಮೂಲೆ ಎಳೆದು ಕೊಟ್ಟ ಕೈಯೇ ಹೋಗಿ ನಲವತ್ತು ವರ್ಷದ ಮೇಲಾಯಿತು. ಆಮೇಲೆ ಮಡಚಲು ಕೂತೆ. ಒಂದು ಸಲ, ಎರಡು ಸಲ, ಮೂರು ಸಲ ಮಡಚಿದೆ. ಅಂಗಡಿಯ ಮಡಿಕೆಗೆ ಬರಲಿಲ್ಲ. ಇನ್ನು ಯಾರಿಗೂ ಕೊಡಲಿಕ್ಕೆ ಬರುವುದಿಲ್ಲ, ನಾನೇ ಉಡಬೇಕು.